ತಳವಿಲ್ಲದ ಡಬ್ಬಿ

ಪೆರಾಬೆ, ಆಲಂಕಾರು, ಕಡಬದ ಆಸುಪಾಸಿನಲ್ಲಿ ಮಳೆ ಬರೆದಿಡುವವರಿಗೆ ಬರವಿಲ್ಲ. ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಬೆಳಗ್ಗಿನ ಚಹಾಕ್ಕೂ ಮೊದಲೇ ವಾಟ್ಸಾಪಿನಲ್ಲಿ ಅಂಕಿಗಳು ಬೀಳತೊಡಗುತ್ತವೆ. ನಮ್ಮಲ್ಲಿ 86, ನಿಮ್ಮಲ್ಲಿ? ಪಕ್ಕದ ತೋಟಕ್ಕಿಂತ ನಾಲ್ಕು ಮಿಲಿಮೀಟರ್ ಹೆಚ್ಚು ಬಿದ್ದರೆ ಏನೋ ಗೆದ್ದ ಸಮಾಧಾನ. ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಸುರಿಯುವ ಸೀಮೆ ಇದು. ಬಿದ್ದದ್ದೆಲ್ಲ ಬಿದ್ದಲ್ಲೇ ನಿಂತರೆ ಎರಡಾಳು ಮುಳುಗುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಎಷ್ಟೋ ಬಾವಿಗಳಲ್ಲಿ ಹಗ್ಗ ಸಾಲುವುದಿಲ್ಲ. ಬಿದ್ದದ್ದಕ್ಕೆ ನಮ್ಮಲ್ಲಿ ಪುಸ್ತಕವಿದೆ, ಇಂಗಿದ್ದಕ್ಕೆ ಪುಸ್ತಕವಿಲ್ಲ.

ಆ ಲೆಕ್ಕಕ್ಕೆ ದೊಡ್ಡ ಯಂತ್ರವೇನೂ ಬೇಡ. ಹದಿನೈದು ಸೆಂಟಿಮೀಟರ್ ಅಗಲದ ತಗಡಿನ ಡಬ್ಬಿಯ ತಳ ಕೊಯ್ದರೆ ಸಲಕರಣೆ ತಯಾರು. ನಾನು ಮೊದಲು ಹೊಕ್ಕದ್ದು ಅಡಿಕೆ ತೋಟಕ್ಕೆ. ಮೇಲಿನ ಸೋಗೆ, ಹಾಳೆ ಸರಿಸಬೇಕು. ಹುಲ್ಲಿದ್ದರೆ ಕತ್ತರಿಸಬೇಕು, ಕೀಳಬಾರದು. ಕಿತ್ತರೆ ಬೇರು ಬಿಟ್ಟ ತೂತಿನಲ್ಲಿ ನೀರು ಸುಮ್ಮನೆ ಇಳಿದುಹೋಗಿ ಸುಳ್ಳು ಲೆಕ್ಕ ಕೊಡುತ್ತದೆ. ಡಬ್ಬಿಯ ಮೇಲೆ ಹಲಗೆ ಇಟ್ಟು ಸುತ್ತಿಗೆಯಿಂದ ಹದವಾಗಿ ಬಡಿದು ಇಳಿಸುವುದು, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ 440 ಮಿಲಿಲೀಟರ್ ನೀರು ಎರೆಯುವುದು. ಆಮೇಲೆ ಹಾಳೆಯನ್ನು ಮೆಲ್ಲಗೆ ಎಳೆದು ಗಡಿಯಾರ ನೋಡುವುದು. ಎರೆದ ಅಷ್ಟು ನೀರು ಸುಮಾರು ಒಂದು ಅಂಗುಲ ಮಳೆಗೆ ಸಮ.

ಹಾಳೆ ಎಳೆದ ಕ್ಷಣ ಎರೆಹುಳದ ತೂತುಗಳಿಂದ ಗುಳ್ಳೆಗಳು ಎದ್ದವು. ನೀರು ಒಳಗೆ ಹೋಗಬೇಕಾದರೆ ಅಲ್ಲಿದ್ದ ಗಾಳಿ ಹೊರಗೆ ಬರಬೇಕಲ್ಲ. ಒಂದು ಎಲೆಯಡಿಕೆ ಹಾಕಿ ಉಗುಳುವಷ್ಟರಲ್ಲಿ ಡಬ್ಬಿ ಖಾಲಿ. ಇಷ್ಟಕ್ಕೇ ಹಿಗ್ಗಬಾರದು; ನಿಜವಾದ ಅಳತೆ ಎರಡನೆಯ ಸಲ ಎರೆದ ನೀರಿನದು. ಒಣಗಿದ ಮಣ್ಣು ಮೊದಲ ನೀರನ್ನು ಗಬಗಬನೆ ಕುಡಿಯುತ್ತದೆ, ಆಮೇಲೆ ನಿಧಾನವಾಗುತ್ತಾ ಒಂದು ವೇಗಕ್ಕೆ ಬಂದು ನಿಲ್ಲುತ್ತದೆ. ಆಟಿಯ ಮಳೆಗೆ ಸಿಗುವುದು ಆ ನಿಧಾನದ ವೇಗವೇ.

ಅದೇ ಡಬ್ಬಿಯನ್ನು ಜೇಸಿಬಿ ತಟ್ಟು ಮಾಡಿದ ಹೊಸ ಅಂಗಳದಲ್ಲಿ ಇಳಿಸಿ ಕೂತರೆ ಎಲೆಯಡಿಕೆಯ ಹರಿವಾಣವೇ ಖಾಲಿಯಾದೀತು. ಇನ್ನು ಗುಡ್ಡೆಯ ನೆತ್ತಿಯ ಮುರಕಲ್ಲಿನಲ್ಲಿ ಡಬ್ಬಿ ಇಳಿಯುವುದೇ ಇಲ್ಲ, ಅಂಚು ಮಡಚುತ್ತದೆ. ಅಲ್ಲಿ ಸುತ್ತ ಜೇಡಿ ಮೆತ್ತಿ ಕೂರಿಸಬೇಕು. ಒಂದು ಕಡೆ ನೀರು ಅಲುಗದೆ ನಿಂತಿತು. ಗೇಣು ದೂರದಲ್ಲಿ, ಕಲ್ಲಿನ ಪೊಟರೆಯ ಮೇಲೆ ಇಟ್ಟಾಗ, ಎರೆದದ್ದು ಕಾಣಲೇ ಇಲ್ಲ. ಎರಡರ ಸರಾಸರಿ ತೆಗೆದು ಏನು ಮಾಡುವುದು ಹೇಳಿ!

ಪ್ರಯೋಗಶಾಲೆಯವರು ಒಂದರೊಳಗೊಂದು ಎರಡು ಉಂಗುರ ಇಳಿಸುತ್ತಾರೆ. ಸಾಮಾನ್ಯವಾಗಿ ಒಳಗಿನದು 30, ಹೊರಗಿನದು 60 ಸೆಂಟಿಮೀಟರ್. ಎರಡರಲ್ಲೂ ನೀರು, ಲೆಕ್ಕ ಮಾತ್ರ ಒಳಗಿನದು. ಅಕ್ಕಪಕ್ಕಕ್ಕೆ ಜಾರುವ ಚಾಳಿಯನ್ನು ಹೊರಗಿನ ನೀರು ತೀರಿಸಿಕೊಟ್ಟು, ಒಳಗಿನದನ್ನು ನೆಟ್ಟಗೆ ಇಳಿಸುತ್ತದೆ. ಇಂಗುವಿಕೆಯನ್ನು ಜಲಚಕ್ರದ ನಡುಮನೆಗೆ ತಂದು ಕೂರಿಸಿದವನು ಅಮೆರಿಕದ ರಾಬರ್ಟ್ ಹಾರ್ಟನ್, 1933ರಲ್ಲಿ. ಮಳೆಯಲ್ಲಿ ತೋಡಿಗೆಷ್ಟು, ನೆಲಕ್ಕೆಷ್ಟು ಎಂಬ ಪಾಲುಪಟ್ಟಿ ಮಣ್ಣಿನ ಮೇಲ್ಮೈಯಲ್ಲೇ ಆಗಿಬಿಡುತ್ತದೆ ಎಂಬುದು ಅವನ ವಾದ. ಒಳ್ಳೆಯ ಕಾಡಿನಲ್ಲಿ ಈ ವಾದ ನಿಲ್ಲುವುದು ಕಷ್ಟ. ಅಲ್ಲಿ ಎಂಥ ಮಳೆಗೂ ಮೇಲೆ ಹರಿವು ಕಾಣುವುದು ಅಪರೂಪ. ಬೋಳು ಗುಡ್ಡೆಗೆ ಮಾತ್ರ ಹಾರ್ಟನ್ ಸರಿಯಾಗಿ ಹೊಂದುತ್ತಾನೆ. ಉತ್ತರ ಕನ್ನಡದಲ್ಲಿ ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ತೋರಿಸಿತು. ಕಾಡು ಹಾಳಾದಲ್ಲಿ ಮೇಲ್ಮಣ್ಣು ನೀರನ್ನು ಒಳಗೆ ಬಿಡುವ ವೇಗ ಕುಸಿದಿತ್ತು, ಅಕೇಶಿಯಾ ನೆಟ್ಟಲ್ಲೂ ಹಳೆಯ ಕಾಡಿನ ಮಟ್ಟಕ್ಕೆ ಏರಿರಲಿಲ್ಲ.

ಆದರೆ ನನ್ನ ತಕರಾರು ಬೇರೆ. ಡಬ್ಬಿ ಹೇಳುವುದು ಬಾಗಿಲಿನ ಸುದ್ದಿ. ಒಳಗೆ ಹೋದದ್ದು ಎಲ್ಲಿ ಉಳಿಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಮುರಕಲ್ಲಿನ ಅಡಿಯಲ್ಲಿ ಶೇಡಿ ಮಣ್ಣಿದೆ. ಬಿಳಿ, ನುಣುಪು, ನೀರಿಗೆ ಸುಲಭವಾಗಿ ದಾರಿ ಬಿಡದ ಪದರ. ಇಳಿದ ನೀರು ಅಲ್ಲಿ ತಡೆದು, ಓರೆಯಾಗಿ ಹರಿದು, ಬೈಲಿನ ಅಂಚಿನಲ್ಲಿ ಒರತೆಯಾಗುತ್ತದೆ. ಆ ಓರೆ ನೀರನ್ನೇ ನಂಬಿ ಗುಡ್ಡೆಗೆ ಅಡ್ಡಡ್ಡ ಕೊರೆದದ್ದು ಸುರಂಗ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಂದರ ಮೇಲೊಂದು ಸುರಂಗ ಕೈಕೊಟ್ಟರೂ ಬಿಡದೆ, ಒಬ್ಬರೇ ಅಗೆದು ನೀರು ತಂದು ಗುಡ್ಡೆಯಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಹಾರೆ ತಲುಪಿದಲ್ಲಿಗೆ ಯಾವ ಡಬ್ಬಿಯೂ ತಲುಪದು.

ಇಂಗುಗುಂಡಿಯ ಹುರುಪಿನಲ್ಲೂ ಒಳಗಿಳಿದ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮರೆಯುವ ಹಾಗಿಲ್ಲ. 2018ರ ಆಗಸ್ಟಿನಲ್ಲಿ ಸಂಪಾಜೆಯ ಆಚೆ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೆ, ಕಡಿದಾದ ಬರೆಯ ನೆತ್ತಿಯಲ್ಲಿ ಸಾಲಾಗಿ ಗುಂಡಿ ತೋಡುವವರನ್ನು ನೋಡಿದರೆ ನನಗೆ ಹೆದರಿಕೆ. ಬೈಲಿನ ಅಡಿಕೆಗೂ ಅಷ್ಟೇ. ಕಣಿಯಲ್ಲಿ ನೀರು ಬಸಿಯದೆ ಬುಡದಲ್ಲಿ ನಿಂತರೆ ಬೇರು ಕೊಳೆಯುತ್ತದೆ.

ಇಂಗುವಿಕೆ ಅಳೆಯುವ ವಿದ್ಯೆಯ ಇನ್ನೊಂದು ಬೇರು ಕಕ್ಕಸು ಗುಂಡಿಯಲ್ಲಿದೆ. 1920ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಹೆನ್ರಿ ರಯಾನ್ ಎಂಬವರು ಮನೆಮನೆಯ ಕೊಳಚೆ ಇಂಗಿಸುವ ವ್ಯವಸ್ಥೆಯ ಬಳಿ ಗುಂಡಿ ತೋಡಿ, ನೀರು ಒಂದು ಅಂಗುಲ ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡುತ್ತ ಹೋದರು. ನಮ್ಮ ಭಾರತೀಯ ಮಾನಕವೂ ಇಂದಿಗೂ 25 ಮಿಲಿಮೀಟರ್ ಇಳಿಯುವ ಹೊತ್ತನ್ನೇ ಕೇಳುತ್ತದೆ, ಅಳೆಯುವ ಮೊದಲು ಗುಂಡಿಯನ್ನು ಗಂಟೆಗಟ್ಟಲೆ ನೆನೆಸಬೇಕು ಎನ್ನುತ್ತದೆ.

ಮನೆ ಕಟ್ಟಿಸುತ್ತಿರುವ ನೆರೆಯವರಿಗೆ ಇಷ್ಟನ್ನೂ ವಿವರಿಸಿ, ರಾತ್ರಿಯಿಡೀ ಗುಂಡಿಯಲ್ಲಿ ನೀರು ನಿಲ್ಲಿಸಿ, ಬೆಳಗ್ಗೆ ಬಂದು ಅಳೆದು ಕೊಡುತ್ತೇನೆ, ಇಂಗದಿದ್ದರೆ ಜಾಗ ಬದಲಿಸೋಣ ಎಂದೆ. ಅವರು ಬಹಳ ಆಸಕ್ತಿಯಿಂದ ಕೇಳಿಸಿಕೊಂಡರು. “ಅಗತ್ಯವಾಗಿ ಬನ್ನಿ. ಜಾಗ ಮಾತ್ರ ವಾಸ್ತುವಿನವರು ಆಗಲೇ ಗೊತ್ತುಮಾಡಿ ಹೋಗಿದ್ದಾರೆ. ಅಲ್ಲಿ ಇಂಗುತ್ತದೆ ಅಂತ ಬರೆದುಕೊಂಡರೆ ಸಾಕು.”