ಕಾರ್ಖಾನೆಯ ಊರಿನಲ್ಲಿ ಕಾದಂಬರಿಯ ಓದು

ವಿಜ್ಞಾನ ಕಥೆಗಳನ್ನೂ ಗಂಭೀರ ಕಾದಂಬರಿಗಳನ್ನೂ ಬೇರೆಬೇರೆ ಕಪಾಟಿನಲ್ಲಿ ಇಡುವುದು ರೂಢಿ. ಮುಂಬಯಿಯ ಕನ್ನಡ ಓದುಗನಿಗೆ ಈ ವಿಂಗಡಣೆ ಅಷ್ಟಾಗಿ ಒಗ್ಗುವುದಿಲ್ಲ. ಈ ನಗರದ ಕನ್ನಡ ಸಾಹಿತ್ಯದ ದೊಡ್ಡ ಪಾಲನ್ನು ಬರೆದವರು ಪ್ರಯೋಗಾಲಯ, ಕಾರ್ಖಾನೆ, ಕಚೇರಿಗಳಲ್ಲಿ ದುಡಿದವರು. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರು; ಬೇಕಲೈಟ್ ಹೈಲಮ್ ಕಂಪನಿಯ ಉನ್ನತ ಹುದ್ದೆಯಲ್ಲಿದ್ದವರು. ಜಯಂತ ಕಾಯ್ಕಿಣಿ ಧಾರವಾಡದಲ್ಲಿ ಜೀವರಸಾಯನಶಾಸ್ತ್ರ ಓದಿ, ಮುಂಬಯಿಗೆ ಬಂದು ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತ ಕಥೆ ಬರೆದವರು.

ಇಂಥ ಓದಿಗೆ ಭಾಂಡುಪ್ ಹೇಳಿ ಮಾಡಿಸಿದ ಉಪನಗರ. ಮಧ್ಯ ರೈಲ್ವೆಯಲ್ಲಿ ಕಾಂಜೂರ್‌ಮಾರ್ಗ್ ಮತ್ತು ನಾಹೂರ್ ನಡುವಿನ ಈ ಊರು ಎಲ್.ಬಿ.ಎಸ್. ರಸ್ತೆಯ ಕಾರ್ಖಾನೆಗಳ ನೆರಳಿನಲ್ಲಿ ಬೆಳೆಯಿತು. ಸಿಯೆಟ್ ಟೈರು, ಏಷ್ಯನ್ ಪೇಂಟ್ಸ್ ಎರಡೂ ಇಲ್ಲಿ ನೆಲೆಯೂರಿದ್ದವು. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಗಟ್ಟಿಯಾಗುತ್ತದೆ, ಬಣ್ಣ ಗೋಡೆಯನ್ನು ಬಿಗಿಯಾಗಿ ಹಿಡಿಯುವುದು ಅದರೊಳಗಿನ ರೆಸಿನ್‌ನಿಂದ ಎಂಬುದನ್ನು ಇಲ್ಲಿಯ ಪಾಳಿ ಕೆಲಸಗಾರರು ಕೈಯಾರೆ ಮಾಡಿ ಬಲ್ಲರು. ಸ್ಲೋ ಲೋಕಲ್‌ನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕರೆ, ವಿ.ಟಿ. ತಲುಪುವ ಮುಕ್ಕಾಲು ಗಂಟೆಯಲ್ಲಿ ಒಂದು ಅಧ್ಯಾಯ ಮುಗಿಯುತ್ತದೆ.

ಆ ಪ್ರಯಾಣಕ್ಕೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಚಿತ್ತಾಲರ 'ಶಿಕಾರಿ'. 1979ರಲ್ಲಿ ಬಂದ ಈ ಕಾದಂಬರಿಯ ನಾಗಪ್ಪ ಒಂದು ಕಂಪನಿಯ ಹಿರಿಯ ಅಧಿಕಾರಿ. ಒಂದು ದಿನ ಅವನನ್ನು ಕೆಲಸದಿಂದ ಅಮಾನತು ಮಾಡಲಾಗುತ್ತದೆ. ಆರೋಪ ಏನು, ಹೂಡಿದವರು ಯಾರು ಎಂಬುದು ಅವನಿಗೆ ಸ್ಪಷ್ಟವಾಗುವುದಿಲ್ಲ. ಅಲ್ಲಿಂದ ಮುಂದೆ ಪ್ರತಿ ಫೋನ್ ಕರೆ, ಪ್ರತಿ ಸಹೋದ್ಯೋಗಿಯ ನಗು, ಮೇಲಧಿಕಾರಿ ಫಿರೋಜ್ ಬಂದೂಕ್‌ವಾಲಾನ ಪ್ರತಿ ಸೌಜನ್ಯದ ಮಾತು ಅವನಿಗೆ ಒಂದೊಂದು ಸುಳುಹಾಗುತ್ತದೆ. ಪ್ರಯೋಗದ ಫಲಿತಾಂಶವನ್ನು ಪರೀಕ್ಷಿಸುವ ವಿಜ್ಞಾನಿಯಂತೆ ನಾಗಪ್ಪ ಒಂದು ಊಹೆ ಕಟ್ಟುತ್ತಾನೆ, ಅದನ್ನು ಘಟನೆಗೆ ಹಚ್ಚಿ ನೋಡುತ್ತಾನೆ, ಹೊಂದದಿದ್ದರೆ ಮತ್ತೊಂದು ಕಟ್ಟುತ್ತಾನೆ. ಆದರೆ ಇಲ್ಲಿ ಪರೀಕ್ಷೆಗೆ ಒಳಗಾಗುವುದು ಅವನ ಸ್ವಂತ ಬದುಕು. ಉತ್ತರ ಕನ್ನಡದ ಬಾಲ್ಯ, ಮನೆತನದ ಗುಟ್ಟು, ಗೆಳೆಯರ ಹಳೆಯ ಹಗೆ ಎಲ್ಲವೂ ಮೇಲೆದ್ದು ಬರುತ್ತವೆ. ಕಂಪನಿಯ ಒಳಗೆ ಮನುಷ್ಯ ಮನುಷ್ಯನನ್ನು ಬೇಟೆಯಾಡುವ ರೀತಿಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕನ್ನಡ ಕಾದಂಬರಿಯನ್ನು ಹೆಸರಿಸುವುದು ಕಷ್ಟ. ಹಾರುವ ತಟ್ಟೆಯಾಗಲಿ ಯಂತ್ರಮಾನವನಾಗಲಿ ಇದರಲ್ಲಿ ಇಲ್ಲ. ಆದರೂ ವಿಜ್ಞಾನ ಕಲಿತ ಮನಸ್ಸು ಭಯದಲ್ಲಿ ಹೇಗೆ ಯೋಚಿಸುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ವಿಜ್ಞಾನ ಕಾದಂಬರಿ ಕನ್ನಡದಲ್ಲಿ ಸಿಗಲಾರದು.

ಹೆಸರಿಗೆ ತಕ್ಕ ವಿಜ್ಞಾನ ಕಥೆ ಇದೇ ನಗರದಲ್ಲಿ ಮರಾಠಿಯಲ್ಲಿ ಸೊಂಪಾಗಿ ಬೆಳೆಯಿತು. ಖಗೋಳ ವಿಜ್ಞಾನಿ ಜಯಂತ ನಾರಳೀಕರ 1972ರಲ್ಲಿ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ 'ಕೃಷ್ಣವಿವರ' ಎಂಬ ಕಥೆಯನ್ನು ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ ಕಳಿಸಿ ಬಹುಮಾನ ಪಡೆದರು. ತಮ್ಮ ಖ್ಯಾತಿ ತೀರ್ಪುಗಾರರ ಮೇಲೆ ಪ್ರಭಾವ ಬೀರಬಾರದು ಎಂಬುದು ಅವರ ಉದ್ದೇಶ. ಅವರ ಇನ್ನೊಂದು ಕಥೆಯಲ್ಲಿ ಕ್ರಿಕೆಟ್ ಬೌಲರ್‌ನ ಬಲಗೈ ಎಡಗೈಯಾಗುತ್ತದೆ, ಗಣಪತಿಯ ಸೊಂಡಿಲು ಬಲಮುರಿಯಾಗುತ್ತದೆ. ಕನ್ನಡಿಯ ಪ್ರತಿಬಿಂಬದಂತೆ ಎಡಬಲ ತಿರುಗುವ ಈ ಗಣಿತದ ಕಲ್ಪನೆ ಮನೆಯ ದೇವರ ಮೂಲಕ ಓದುಗನಿಗೆ ಸಲೀಸಾಗಿ ತಲುಪುತ್ತದೆ. ನಾರಳೀಕರರ ಬಲ ಇರುವುದು ಕಲ್ಪನೆಯಲ್ಲಿ. ಪಾತ್ರಗಳು ಮಾತ್ರ ಆ ಕಲ್ಪನೆಯನ್ನು ಹೊತ್ತು ತಂದು ಹೊರಟುಹೋಗುತ್ತವೆ. 'ಶಿಕಾರಿ' ಓದಿ ಇವಕ್ಕೆ ಬಂದವರಿಗೆ ಈ ಕೊರತೆ ತಟ್ಟನೆ ಕಾಣುತ್ತದೆ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮತ್ತು ಮನು ಈ ಪ್ರಕಾರವನ್ನು ನಿಷ್ಠೆಯಿಂದ ಬೆಳೆಸಿದರು. ಆದರೆ ಎರಡು ಬಗೆಯನ್ನೂ ಒಂದೇ ಪುಸ್ತಕದಲ್ಲಿ ಬೆಸೆದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. 1980ರ 'ಕರ್ವಾಲೊ'ದಲ್ಲಿ ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ, ನಿರೂಪಕ, ಅವನ ನಾಯಿ ಕಿವಿ, ಎಲ್ಲರೂ ಹಾರುವ ಓತಿಯನ್ನು ಹುಡುಕಿ ಪಶ್ಚಿಮಘಟ್ಟದ ಕಾಡು ಹೊಗುತ್ತಾರೆ. ಊರವರು ಪೆದ್ದನೆಂದು ತಿಳಿದ ಮಂದಣ್ಣನಲ್ಲಿ ಹುಟ್ಟು ವಿಜ್ಞಾನಿಯ ಕಣ್ಣಿದೆ ಎಂದು ಕರ್ವಾಲೊ ಗುರುತಿಸುವುದು ಕಾದಂಬರಿಯ ಜೀವ. ಕಡೆಯಲ್ಲಿ ಓತಿ ಕೈಗೆ ಸಿಗದೆ ಪ್ರಪಾತದ ಮೇಲೆ ತೇಲಿ ಹೋಗುತ್ತದೆ. ಇಲ್ಲಿ ವಿಷಯವೂ ಮುಖ್ಯ, ಮನುಷ್ಯನೂ ಮುಖ್ಯ. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಟ್ಟಿಲ್ಲ.

ಅಂಥ ಕಾದಂಬರಿಗೆ ಬೇಕಾದ ಸಾಮಗ್ರಿ ಭಾಂಡುಪಿನಲ್ಲೇ ಇದೆ. ಏಷ್ಯಾದ ಅತಿ ದೊಡ್ಡ ನೀರು ಶುದ್ಧೀಕರಣ ಘಟಕಗಳಲ್ಲಿ ಒಂದು ಇಲ್ಲಿದೆ. ಭಾತ್ಸಾ, ವೈತರಣಾದಂಥ ದೂರದ ಜಲಾಶಯಗಳ ನೀರು ಇಲ್ಲಿಗೆ ಬಂದು, ಕೆಸರು ಕೆಳಗಿಳಿದು, ಮರಳಿನ ಪದರದಲ್ಲಿ ಸೋಸಿ, ಕ್ಲೋರಿನ್ ಬೆರೆತು, ನಗರದ ಬಹುಪಾಲು ಮನೆಗಳ ನಲ್ಲಿ ಸೇರುತ್ತದೆ. ಊರಿನ ಪೂರ್ವಕ್ಕೆ ಖಾರಿಯ ಕೆಸರಿನಲ್ಲಿ ಚಳಿಗಾಲದ ಫ್ಲೆಮಿಂಗೊಗಳು ಇಳಿಯುತ್ತವೆ. ನೀರು, ಯಂತ್ರ, ಹಕ್ಕಿ, ರಾತ್ರಿ ಪಾಳಿಯ ಮನುಷ್ಯ ಇಷ್ಟು ಒತ್ತಾಗಿ ಒಂದೇ ಕಡೆ ಸಿಗುವ ಊರು ಅಪರೂಪ. ಮುಂಬಯಿಯ ಕನ್ನಡ ಲೇಖಕರಲ್ಲಿ ಯಾರಾದರೂ ಈ ಘಟಕದೊಳಗೆ ಕೆಲಸ ಮಾಡುವವರ ಜೊತೆ ಕೂತು, ಕೇಳಿ, ಚಿತ್ತಾಲರ ಎದೆಗಾರಿಕೆಯಿಂದ ಒಂದು ಕಾದಂಬರಿ ಬರೆಯಬೇಕು.