ಭಟ್ಟರ ನಿದ್ದೆ

ಯಂತ್ರ ಕೆಟ್ಟರೆ ಒಂದು ಬಗೆಯ ಸಂಕಟ. ಕೆಡದೆ ಸುಮ್ಮನೆ ನಿಂತುಬಿಟ್ಟರೆ ಅದು ಇನ್ನೊಂದು ಬಗೆ. ಕೆಟ್ಟದ್ದನ್ನು ಅಂಗಡಿಗೆ ಒಯ್ದು ತೋರಿಸಬಹುದು. ನಿಂತದ್ದನ್ನು ಒಯ್ದರೆ ಅಂಗಡಿಯಲ್ಲಿ ಅದು ಬಲು ಸಾಧುವಿನಂತೆ ನಡೆದುಕೊಂಡು, ಮನೆಗೆ ಬಂದ ಮೇಲೆ ಮತ್ತೆ ಹಟ ಹಿಡಿಯುತ್ತದೆ. 2018ರ ಬೇಸಿಗೆಯಲ್ಲಿ ನಮ್ಮ ಮಗಳ ಲ್ಯಾಪ್‌ಟಾಪು ಹಿಡಿದದ್ದು ಇಂಥ ಹಟ. ಪರದೆಯ ಮೇಲಿನ ಚಿತ್ರ ಇದ್ದಂತೆಯೇ ಇರುವುದು. ಮೌಸಿನ ಬಾಣ ಕದಲದು. ಮೂಲೆಯ ಗಡಿಯಾರ 10.42ರಲ್ಲೇ ನಿಂತಿರುವುದು. ಕ್ಯಾಪ್ಸ್‌ಲಾಕ್ ಒತ್ತಿದಾಗ ಅದರ ಪುಟ್ಟ ದೀಪ ಹತ್ತಿದರೆ ಒಳಗೆ ಇನ್ನೂ ಜೀವವಿದೆ ಎಂದು ತಿಳಿಯಬಹುದು. ನಮ್ಮಲ್ಲಿ ಅದೂ ಹತ್ತುತ್ತಿರಲಿಲ್ಲ.

ವಾರಂಟಿ ಮುಗಿದು ಎರಡು ತಿಂಗಳಾಗಿತ್ತು, ಕಂತು ಇನ್ನೂ ಐದು ಬಾಕಿ. ಜೂನಿನಲ್ಲಿ ಮಗಳ ಎಂ.ಟೆಕ್. ಪ್ರಬಂಧದ ಮೌಖಿಕ ಪರೀಕ್ಷೆ. ಕಾಲೇಜಿನ ಪ್ರೊಜೆಕ್ಟರಿನ ತಂತಿ ಚುಚ್ಚಿದರೆ ಸಾಕು, ಯಂತ್ರ ಕಲ್ಲಾಗುತ್ತಿತ್ತು. ರಿಪೇರಿಯ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, 28,000 ರೂಪಾಯಿ ಆಗುತ್ತದೆ ಎಂದರು. ಊರಿನ ಮನೆಯ ಹೆಂಚು ಬದಲಿಸಲೆಂದು ನಾವು ಎತ್ತಿಟ್ಟಿದ್ದ ಹಣ ಹೆಚ್ಚುಕಡಿಮೆ ಅಷ್ಟೇ ಇತ್ತು.

ಆದರೆ ಅದೇ ಯಂತ್ರ ವಿಂಡೋಸಿನಲ್ಲಿ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಮಗಳ ಕೆಲಸವೆಲ್ಲ ಇದ್ದದ್ದು ಲಿನಕ್ಸಿನಲ್ಲಿ, ಗೋಳೂ ಅಲ್ಲಿ ಮಾತ್ರ. ಬೋರ್ಡು ಸತ್ತಿದ್ದರೆ ಇಬ್ಬರ ಪಾಲಿಗೂ ಸಾಯಬೇಕಷ್ಟೆ? ಈ ಒಂದು ಎಳೆ ಹಿಡಿದು ನಾವು ಮನೆಮಂದಿ ಮೂವರೂ ಪತ್ತೆಗೆ ಕುಳಿತೆವು.

ಇಂಥ ಲ್ಯಾಪ್‌ಟಾಪುಗಳಲ್ಲಿ ಚಿತ್ರ ಬರೆಯುವವರು ಇಬ್ಬರು. ಪ್ರೊಸೆಸರಿನೊಳಗೇ ಇರುವ ಸಣ್ಣ ಗ್ರಾಫಿಕ್ಸ್ ಒಂದು, ಬೇರೆಯಾಗಿ ಕೂರಿಸಿದ ದೊಡ್ಡ ಕಾರ್ಡು ಇನ್ನೊಂದು. ದಿನದ ಅಡುಗೆಗೆ ಮನೆಯವರು, ಮದುವೆಯ ಅಡುಗೆಗೆ ಭಟ್ಟರು ಎಂದಿಟ್ಟುಕೊಳ್ಳಿ. ಪತ್ರ ಬರೆಯುವುದಕ್ಕೆ, ಪೇಪರ್ ಓದುವುದಕ್ಕೆ ಮನೆಯವರೇ ಸಾಕು. ಭಟ್ಟರು ಎಚ್ಚರವಿದ್ದರೆ ಕೆಲಸವಿಲ್ಲದಿದ್ದರೂ ವಿದ್ಯುತ್ತು ಉಣ್ಣುತ್ತಾರೆ, ಮನೆಯನ್ನೂ ಕಾಯಿಸುತ್ತಾರೆ. ಅದಕ್ಕೇ ಕೆಲವು ಸೆಕೆಂಡು ಕರೆ ಬಾರದಿದ್ದರೆ ಅವರನ್ನು ಮಲಗಿಸಿಬಿಡುವ ಏರ್ಪಾಡು. ಈ ನಿದ್ದೆಗೆ ಮೆಟ್ಟಿಲುಗಳಿವೆ: ಡಿ-0 ಎಂದರೆ ಪೂರ್ತಿ ಎಚ್ಚರ, ಡಿ-3ರ ಕೊನೆಯ ಹಂತದಲ್ಲಿ ಕಾರ್ಡಿಗೆ ವಿದ್ಯುತ್ತೇ ಇರುವುದಿಲ್ಲ. ಮಲಗಿಸುವುದೇನೋ ಸುಲಭ. ಏಳಲಿಲ್ಲವೆಂದರೆ ಕರೆಯಲು ಹೋದ ಕರ್ನೆಲ್ ಬಾಗಿಲಲ್ಲೇ ಕಾಯುತ್ತ ನಿಲ್ಲುತ್ತದೆ. ಉಗ್ರಾಣದ ಕೀಲಿಕೈ ಅದರ ಸೊಂಟದಲ್ಲೇ ಇರುವುದರಿಂದ ಉಳಿದವರೂ ಒಬ್ಬೊಬ್ಬರಾಗಿ ಬಂದು ಅದರ ಹಿಂದೆ ಸಾಲುಗಟ್ಟುತ್ತಾರೆ. ನಮ್ಮ ಯಂತ್ರದಲ್ಲಿ ಪ್ರೊಜೆಕ್ಟರಿನ ಕಿಂಡಿಯನ್ನು ಜೋಡಿಸಿದ್ದು ದೊಡ್ಡ ಕಾರ್ಡಿಗೆ.

ಇದೆಲ್ಲ ಒಮ್ಮೆಗೇ ಹೊಳೆದದ್ದಲ್ಲ. ಯಂತ್ರ ನಿಂತಾಗ ಸಾಕ್ಷಿ ಬರೆದಿಡಬೇಕಾದವನೂ ಜೊತೆಗೇ ನಿಂತಿರುತ್ತಾನೆ. ಆದ್ದರಿಂದ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ನಾವೇ ಬರೆಯತೊಡಗಿದೆವು: ನಿಂತ ಹೊತ್ತು, ಅದಕ್ಕೆ ಮುಂಚೆ ಮಾಡಿದ ಕೆಲಸ, ಆಗ ಚಾರ್ಜರ್ ಇತ್ತೋ ಇಲ್ಲವೋ. ಒಂದು ವಾರದಲ್ಲಿ ಹನ್ನೊಂದು ಸಲ. ಏಳು ಸಲ ಟಿ.ವಿ.ಯ ಅಥವಾ ಪ್ರೊಜೆಕ್ಟರಿನ ತಂತಿ ಚುಚ್ಚಿದಾಗ, ಮೂರು ಸಲ ಮುಚ್ಚಳ ತೆರೆದಾಗ. ಉಳಿದ ಒಂದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಯಂತ್ರದೊಳಗೆ ಯಾವ ಯಾವ ಭಾಗಗಳಿವೆ ಎಂದು ಪಟ್ಟಿ ಕೊಡುವ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಗೇ ಅದು ನಿಂತಿತ್ತು! ಬರಿಯ ಹಾಜರಿ ಕೂಗಿದ್ದಕ್ಕೆ ನಿಂತಿತೆಂದರೆ ಹೆಸರು ಕೂಗಿದವರಲ್ಲಿ ಯಾರೋ ಒಬ್ಬರು ಓಗೊಡುತ್ತಿಲ್ಲ ಎಂದಾಯಿತು. ಮತ್ತೆ ಚಾಲೂ ಮಾಡಿ ಹಿಂದಿನ ಸಲದ ದಿನಚರಿಯನ್ನು ‘ಜರ್ನಲ್‌ಸಿಟಿಎಲ್’ನಿಂದ ತೆಗೆಸಿದಾಗ, ಕಾರ್ಡು ಡಿ-3ರಿಂದ ಸ್ಥಿತಿ ಬದಲಿಸಲು ಒಪ್ಪಲಿಲ್ಲ ಎಂಬ ಒಂದು ಸಾಲು ಸಿಕ್ಕಿತು.

ಮದ್ದು ಎರಡಿದ್ದವು, ಒಂದು ಸಲಕ್ಕೆ ಒಂದೇ ಎಂದು ನಿಯಮ ಮಾಡಿಕೊಂಡೆವು. ಮೊದಲನೆಯದು ಸುಳ್ಳು ಹೇಳುವುದು. ಯಂತ್ರದ ಹುಟ್ಟು ತಂತ್ರಾಂಶ, ಬಂದ ಕಾರ್ಯವ್ಯವಸ್ಥೆಯನ್ನು ‘ನೀನು ಯಾವ ವಿಂಡೋಸ್?’ ಎಂದು ಕೇಳುತ್ತದೆ. ಉತ್ತರ ನೋಡಿ ಕಾರ್ಡನ್ನು ಮಲಗಿಸುವ ವಿಧಾನ ಬದಲಿಸುವುದೂ ಉಂಟು. ಲಿನಕ್ಸಿನಿಂದ ‘2009ರ ವಿಂಡೋಸ್’ ಎಂದು ಹೇಳಿಸಿದೆವು. ಸಾವಿರ ಸುಳ್ಳು ಹೇಳಿ ಮದುವೆ ಮಾಡು ಎಂದಿದ್ದಾರಲ್ಲ, ನಾವು ಹೇಳಿಸಿದ್ದು ಒಂದೇ. ಭಟ್ಟರು ಎದ್ದರು. ಆದರೆ ಬೆರಳಾಡಿಸುವ ಟಚ್‌ಪ್ಯಾಡ್ ಮಲಗಿತು! ಅದನ್ನು ತೆಗೆದುಹಾಕಿದೆವು.

ಎರಡನೆಯದು ಭಟ್ಟರನ್ನು ಮಲಗಿಸದೇ ಇರುವುದು. ನಾವು ಬಳಸುತ್ತಿದ್ದ ನೂವೋ ಎಂಬ ಡ್ರೈವರಿಗೆ ಆರಂಭದಲ್ಲೇ ‘ನೂವೋ.ರನ್‌ಪಿಎಂ=0’ ಎಂದು ಹೇಳಿದರೆ ಮುಗಿಯಿತು; ಯಂತ್ರಕ್ಕೆ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಕನ್ನಡದಲ್ಲಿ ಬರೆದರೆ ಅದಕ್ಕೆ ತಿಳಿಯದು. ಆ ಒಂದು ಸಾಲಿನ ನಂತರ ಹದಿನೈದು ದಿನ ಹಾಲಿನ ಪುಸ್ತಕದಲ್ಲಿ ಹಾಲಿನ ಲೆಕ್ಕ ಮಾತ್ರ. ಬೆಲೆ ತೆರದೆ ಇರಲಿಲ್ಲ: ನಾಲ್ಕು ಗಂಟೆ ಬರುತ್ತಿದ್ದ ಬ್ಯಾಟರಿ ಎರಡೂವರೆಗೆ ಇಳಿಯಿತು, ತೊಡೆಯ ಮೇಲಿಟ್ಟರೆ ಬಿಸಿ. ಮಗಳು ಚಾರ್ಜರ್ ಸಮೇತ ಮೌಖಿಕಕ್ಕೆ ಹೋಗಿ, ಒಂದು ಗಂಟೆ ಪ್ರೊಜೆಕ್ಟರಿನ ಮುಂದೆ ಮಾತಾಡಿ ಬಂದಳು. ಊರಿನ ಹೆಂಚೂ ಮಳೆಗೆ ಮುಂಚೆ ಬದಲಾಯಿತು.

ಇದು ಗುಣವಾದದ್ದಲ್ಲ, ರಾಜಿ ಎಂಬುದು ನಮಗೆ ಗೊತ್ತಿತ್ತು. ನಿಜವಾದ ಕಾರಣ ಬೇರೆಡೆ ಇತ್ತು. 2016ರ ಅಕ್ಟೋಬರಿನಲ್ಲಿ ಬಂದ 4.8ನೇ ಕರ್ನೆಲಿನಿಂದ ಲಿನಕ್ಸ್ ಇಂಥ ಕಾರ್ಡುಗಳನ್ನು ಹೊಸ ರೀತಿಯಲ್ಲಿ ಮಲಗಿಸತೊಡಗಿತ್ತು. ಮೊದಲು ತಾನೇ ಕಾರ್ಡನ್ನು ಡಿ-3ಕ್ಕೆ ಇಳಿಸಿ, ಅನಂತರ ಯಂತ್ರದ ತಂತ್ರಾಂಶದ ಕೈಯಿಂದ ವಿದ್ಯುತ್ತು ಕಡಿಸುವುದು. ಇಂಟೆಲ್‌ನ ಕೆಲವು ಸೇತುವೆಗಳ ಹಿಂದಿರುವ ಕಾರ್ಡು ಹೀಗೆ ಇಬ್ಬರು ಸೇರಿ ತೂಗಿದ ತೊಟ್ಟಿಲಲ್ಲಿ ಮಲಗಿದರೆ ಏಳುತ್ತಿರಲಿಲ್ಲ. 2020ರಲ್ಲಿ ನೂವೋ ಬರೆಯುವವರು ಅಂಥ ಸೇತುವೆ ಕಂಡಲ್ಲಿ ಮೊದಲನೆಯ ತೂಗನ್ನು ಬಿಟ್ಟರು. ಆ ತಿದ್ದುಪಡಿಯ ಕರ್ನೆಲ್ ಬಂದ ದಿನ ಮಗಳು ನಮ್ಮ ಸಾಲನ್ನು ಅಳಿಸಿ, ಉಸಿರು ಬಿಗಿಹಿಡಿದು ‘ಎಲ್‌ಎಸ್‌ಪಿಸಿಐ’ ಎಂದು ಒತ್ತಿದಳು. ಭಟ್ಟರ ಹೆಸರೂ ಸೇರಿ ಪಟ್ಟಿ ಪೂರ್ತಿ ಬಂತು.