ಒಣಗಿದ ಮರಳು

ಪಾವಗಡ ಸೀಮೆಯ ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅಜ್ಜಿಯ ಇನ್ಸುಲಿನ್ ಸೀಸೆ ಅಡುಗೆಮನೆಯ ಮೂಲೆಯಲ್ಲಿ, ಮಡಕೆಯೊಳಗಿನ ಕುಡಿಕೆಯಲ್ಲಿರುತ್ತಿತ್ತು. ಎರಡರ ನಡುವೆ ಮರಳು. ದಿನಕ್ಕೆರಡು ಸಲ ಆ ಮರಳಿಗೆ ನೀರು ಚಿಮುಕಿಸುವುದು ನನ್ನ ಪಾಲಿನ ಕೆಲಸ. ನೀರು ಆವಿಯಾದಷ್ಟೂ ಕುಡಿಕೆ ತಣ್ಣಗಿರುತ್ತಿತ್ತು.

ಸಿಇಟಿಗೆ ಓದುತ್ತಿದ್ದ ಬೇಸಿಗೆಯಲ್ಲಿ ಮೂರು ವಾರ ಆ ಕಡೆ ತಲೆಹಾಕಲಿಲ್ಲ. ತಗಡಿನ ಸೂರಿನ ಕೆಳಗೆ ಮರಳು ಒಣಗಿ ಬಿಸಿಯಾಯಿತು. ತಿಳಿನೀರಿನಂತಿರಬೇಕಾದ ಮದ್ದು ಮಬ್ಬಾಯಿತು. ಅಜ್ಜಿಗೆ ತೀರದ ಬಾಯಾರಿಕೆ, ರಾತ್ರಿಯಿಡೀ ಎದ್ದು ಓಡಾಟ. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ 400 ದಾಟಿತ್ತು.

"ಇನ್ಸುಲಿನ್ ತಂಪಾಗಿ ಇಟ್ಟಿದ್ರೇನಪ್ಪ?" ಡಾಕ್ಟರು ಕೇಳಿದರು.

"ಇಟ್ಟಿದ್ವಿ ಸಾರ್" ಎಂದೆ. ಅಜ್ಜಿ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಹೊಸ ಸೀಸೆ ಬಂತು, ಚೇತರಿಸಿಕೊಂಡಳು.

ನಾಲ್ಕು ವರ್ಷದ ಮೇಲೆ, ಬ್ರಿಟನ್ನಿನ ವಿಶ್ವವಿದ್ಯಾಲಯವೊಂದಕ್ಕೆ ಜೀವರಸಾಯನಶಾಸ್ತ್ರದ ಎಂಎಸ್ಸಿಗೆ ಅರ್ಜಿ ಹಾಕಿದೆ. ಈ ವಿಷಯವೇ ಏಕೆ ಎಂದು ಬರೆದುಕೊಡಬೇಕಿತ್ತು. ಅಜ್ಜಿಯ ಸೇವೆಯಿಂದಲೇ ನನಗೆ ಈ ಒಲವು ಹುಟ್ಟಿತು ಎಂದು ಬರೆದೆ. ಕೇಂಬ್ರಿಡ್ಜಿನಲ್ಲಿ ಫ್ರೆಡೆರಿಕ್ ಸ್ಯಾಂಗರ್ ಇನ್ಸುಲಿನ್ನಿನ 51 ಅಮೈನೊ ಆಮ್ಲಗಳ ಸಾಲನ್ನು ಬಿಡಿಸಿದ್ದು, 1958ರಲ್ಲಿ ನೊಬೆಲ್ ಪಡೆದದ್ದು, ಎಲ್ಲವನ್ನೂ ಸೇರಿಸಿದೆ.

ಸಂದರ್ಶನದಲ್ಲಿ ಪ್ರಾಧ್ಯಾಪಕಿಯೊಬ್ಬರು ಕೇಳಿದ್ದು ಒಂದೇ: ಬಿಸಿಗೆ ಇನ್ಸುಲಿನ್ ಕೆಡುತ್ತದಲ್ಲ, ಆಗ ಅದರೊಳಗೆ ಏನಾಗುತ್ತದೆ? ನಾನು ಮತ್ತೆ ಸ್ಯಾಂಗರ್ ಕಥೆಯನ್ನೇ ಒಪ್ಪಿಸಿದೆ. ಅವರು ಸಮಾಧಾನದಿಂದ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ನನಗೆ ಬಾಯಿ ಬರಲಿಲ್ಲ. ಸೀಟು ಸಿಗಲಿಲ್ಲ.

ಆಮೇಲೆ ಪುಸ್ತಕ ತೆರೆದು ಕೂತೆ. ಇನ್ಸುಲಿನ್ನಿನಲ್ಲಿ ಎರಡು ಸರಪಳಿ: ಒಂದರಲ್ಲಿ 21, ಇನ್ನೊಂದರಲ್ಲಿ 30 ಅಮೈನೊ ಆಮ್ಲ. ಗಂಧಕದ ಕೊಂಡಿಗಳು ಎರಡನ್ನೂ ಬೆಸೆದಿವೆ. ಸರಪಳಿಗಳು ಮಡಚಿಕೊಂಡಿದ್ದು, ನೀರಿಗೆ ಒಗ್ಗದ ಭಾಗಗಳು ಆ ಮಡಿಕೆಯೊಳಗೆ ಅಡಗಿರುತ್ತವೆ. ಬಿಸಿಗೆ ಮಡಿಕೆ ಸಡಿಲವಾದರೆ ಅವು ಹೊರಗೆ ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಎಳೆಎಳೆಯಾಗಿ ಬೆಳೆಯುತ್ತವೆ. ಸ್ಯಾಂಗರ್ ಬಿಡಿಸಿದ ಸಾಲು ಹಾಗೆಯೇ ಇದ್ದರೂ ಆಕಾರ ಹೋದ ಮದ್ದು ಕೆಲಸ ಮಾಡದು. ನಾನು ಕಂಡ ಮಬ್ಬಿನ ಕಾರಣ ಅಲ್ಲಿತ್ತು.

ಮೂರು ವರ್ಷ ಜೀವರಸಾಯನಶಾಸ್ತ್ರ ಓದಿಯೂ ಆ ಮಬ್ಬು ಏನೆಂದು ನಾನು ಕೇಳಿಕೊಂಡಿರಲಿಲ್ಲ. ಕೇಳಿದ್ದರೆ ಒಣಗಿದ ಮರಳಿನವರೆಗೆ ಹೋಗಬೇಕಾಗುತ್ತಿತ್ತು. ಸುಳ್ಳನ್ನು ಮುಚ್ಚಿಟ್ಟಾಗ ಅದರ ಜೊತೆಗೆ ಪ್ರಶ್ನೆಯನ್ನೂ ಹೂತಿದ್ದೆ.

ಊರಿಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ.

"ಗೊತ್ತಿತ್ತು ಕಣಪ್ಪ. ಅವತ್ತೇ ಮರಳು ಮುಟ್ಟಿ ನೋಡಿದ್ದೆ" ಎಂದಳು. "ನೀನೇ ಹೇಳ್ತೀಯ ಅಂತ ಕಾದಿದ್ದೆ."

ಮರುವರ್ಷ ಬೇರೊಂದು ವಿಶ್ವವಿದ್ಯಾಲಯಕ್ಕೆ ಬರೆದೆ. ನೊಬೆಲ್ಲಿನ ಮಾತು ಇರಲಿಲ್ಲ, ಸೇವೆಯ ಮಾತೂ ಇರಲಿಲ್ಲ. ಸೀಟು ಸಿಕ್ಕಿತು. ಈಗ ಪ್ರೋಟೀನುಗಳ ಮಡಿಕೆಯನ್ನೇ ಓದುತ್ತಿದ್ದೇನೆ. ಊರಿನ ಹುಡುಗರು ತಮ್ಮ ಬರಹ ತಿದ್ದಿಕೊಡಿ ಎಂದು ಕಳಿಸಿದಾಗ, ನನ್ನ ಆ ಎರಡನೇ ಬರಹವನ್ನು ಅವರಿಗೆ ಓದಲು ಕೊಡುತ್ತೇನೆ. ಅದರ ಮೊದಲ ಸಾಲು: "ಮೂರು ವಾರ ನಾನು ಮರಳಿಗೆ ನೀರು ಹಾಕಲಿಲ್ಲ."